ಕೊಬ್ಬರಿ ಎಣ್ಣೆ ಕುಡಿದ ಕಾರು

ಅಗ್ಗದ ಕಾರೊಂದನ್ನು ಹದಿನೆಂಟು ವರ್ಷ ಕೆಡದಂತೆ ಇಟ್ಟುಕೊಳ್ಳುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳಲು ತಿಪಟೂರು ತಾಲ್ಲೂಕಿನಲ್ಲಿ ನನಗಿಂತ ಅರ್ಹ ವ್ಯಕ್ತಿ ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೆ. ಹೋದ ಜನವರಿಯ ಕೊನೆಯ ದಿನ ಬೆಳಿಗ್ಗೆ ಏಳು ಗಂಟೆಯವರೆಗೂ ನಂಬಿದ್ದೆ. ಏಳೂ ಕಾಲಿಗೆ ಆ ನಂಬಿಕೆ ಹೊರಟುಹೋಯಿತು.

ನನ್ನದು ಸಣ್ಣ ಬಿಳಿ ಕಾರು. ತುರುವೇಕೆರೆಯ ಡಾಕ್ಟರೊಬ್ಬರು ಸಾಕಾಗಿ ಕೊಟ್ಟದ್ದನ್ನು ನಾನು ಆಸೆಪಟ್ಟು ತಂದದ್ದು. ಅದು ಮೊದಲ ಸಲ ನಮ್ಮ ತೋಟದ ಮನೆಯ ಮುಂದೆ ನಿಂತಾಗ ನಮ್ಮಪ್ಪ ಇನ್ನೂ ಗಟ್ಟಿಯಾಗಿದ್ದರು. ಸಂತೆಯಲ್ಲಿ ಹೋರಿ ನೋಡುವವರ ಹಾಗೆ ಎರಡು ಸುತ್ತು ಹಾಕಿದರು. ಬಾಗಿಲು ತೆಗೆದರು. ಅದು ಕಿರ್ರೆಂದಿತು.

"ಡಾಕ್ಟ್ರಂತೆ ಡಾಕ್ಟ್ರು! ಪಾಪ, ಇದಕ್ಕೆ ಎಣ್ಣೆ ಕಾಣ್ಸೇ ಇಲ್ಲ ಕಣ್ಲಾ," ಎಂದು ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಶೀಶೆ ತಂದರು. ಅದರೊಳಗೆ ಒಂದು ಕೋಳಿ ಪುಕ್ಕ ಅದ್ದಿ, ಬಾಗಿಲಿನ ಕೀಲಿಗೆ ಎರಡೇ ಎರಡು ಸಲ ಸವರಿದರು. ಬಾಗಿಲು ಬಾಯಿ ಮುಚ್ಚಿಕೊಂಡಿತು.

ನಮ್ಮಪ್ಪನಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ವಾಸಿಯಾಗದ್ದು ಈ ಲೋಕದಲ್ಲಿ ಇರಲಿಲ್ಲ. ಸೈಕಲ್ ಚೈನು, ಬಾವಿಯ ರಾಟೆ, ರೇಡಿಯೋದ ತಿರುಗಣೆ, ಎತ್ತಿನ ಹೆಗಲು, ನಮ್ಮ ತಲೆ, ಎಲ್ಲಕ್ಕೂ ಅದೇ ಶೀಶೆ, ಅದೇ ಪುಕ್ಕ. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಸಾಲಾಗಿ ಕೂತರೆ ಮೊದಲು ನನಗೆ, ಆಮೇಲೆ ನನ್ನ ತಂಗಿಗೆ, ಕೊನೆಗೆ ಗೇಟಿಗೆ. ಅಪ್ಪ ಹೋಗಿ ಹನ್ನೊಂದು ವರ್ಷವಾದರೂ ಆ ಶೀಶೆಯನ್ನು ನಾನು ಎಸೆದಿಲ್ಲ. ಎಣ್ಣೆ ತೀರಿದಾಗಲೆಲ್ಲ ತುಂಬಿಸುತ್ತೇನೆ. ಕಾರಿನ ಬಾಗಿಲಿಗೆ ಪುಕ್ಕ ಸವರುವಾಗ ಅಪ್ಪ ಹಿಂದೆ ನಿಂತು "ಇನ್ನೊಂಚೂರು ಆ ಕಡೆ" ಎನ್ನುತ್ತಿದ್ದಾರೆ ಅನ್ನಿಸುತ್ತದೆ.

ನಮ್ಮ ಮೆಕ್ಯಾನಿಕ್ ಸಾದಿಕ್ ಮಾತ್ರ ಈ ಮನೆವೈದ್ಯವನ್ನು ಒಪ್ಪಿದವನಲ್ಲ. "ಅಣ್ಣಾ, ತಲೆಗೆ ಹಾಕ್ಕೊಳ್ಳೋದನ್ನ ಗಾಡಿಗೆ ಹಾಕ್ಬ್ಯಾಡ್ರೀ. ಗ್ರೀಸ್ ಐತೆ, ಅದ್ರದ್ದೇ ಎಣ್ಣೆ ಐತೆ," ಎಂದು ಪ್ರತಿ ಸಲ ಹೇಳುತ್ತಿದ್ದ. ತಿಪಟೂರಿನ ನೀರು ಕುಡಿದು ಬೆಳೆದವನು ಆಡುವ ಮಾತೇ ಇದು? ನಾನು ಅವನನ್ನು ಕ್ಷಮಿಸಿ ಸುಮ್ಮನಾಗುತ್ತಿದ್ದೆ.

ಇನ್ನು ನನ್ನ ಹೆಂಡತಿ ಸುಮಿತ್ರ. ಹುಳಿಯಾರಿನ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಮೂವತ್ತೆರಡು ವರ್ಷದ ಕೆಲಸದಲ್ಲಿ ಒಂದು ದಿನವೂ ಬೆಳಗಿನ ಪ್ರಾರ್ಥನೆಗೆ ತಡವಾಗಿ ಹೋದವಳಲ್ಲ. ಜ್ವರ ಬಂದರೆ ರಜೆ ಹಾಕಿದ್ದಾಳೆ, ಆದರೆ ತಡ ಮಾಡಿಲ್ಲ. ತಡವಾಗಿ ಬಂದವರು ಯಾರೇ ಆಗಲಿ, ಮಕ್ಕಳಾಗಲಿ ಮೇಷ್ಟರಾಗಲಿ, ಪ್ರಾರ್ಥನೆ ಮುಗಿಯುವವರೆಗೆ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲಬೇಕು. ಅದು ಅವಳೇ ಮಾಡಿದ ಕಾನೂನು. ಈ ದಾಖಲೆ ಕಾಪಾಡಿಕೊಳ್ಳಲು ಅವಳು ಕಂಡುಕೊಂಡ ಉಪಾಯ ಒಂದೇ: ನನ್ನ ಕಾರು ಹತ್ತದೇ ಇರುವುದು! ನಮ್ಮ ತೋಟದ ಮುಂದೆ ಏಳು ಗಂಟೆಗೆ ಬರುವ ಹುಳಿಯಾರು ಬಸ್ಸೇ ಅವಳ ವಾಹನ. ಕಾರಿನಲ್ಲಿ ಮದುವೆಗೆ ಬಂದಾಳು, ಆಸ್ಪತ್ರೆಗೆ ಬಂದಾಳು. ಶಾಲೆಗೆ ಮಾತ್ರ ಇಲ್ಲ.

ಇದು ನನಗೆ ಚುಚ್ಚುತ್ತಿತ್ತು. ಆದ್ದರಿಂದ ಅವಳ ನಿವೃತ್ತಿಯ ದಿನ ಹತ್ತಿರ ಬಂದಾಗ ಹಠ ಹಿಡಿದು ಕೂತೆ.

"ಕೊನೇ ದಿನ ಕಣೇ. ರೇಷ್ಮೆ ಸೀರೆ ಉಟ್ಕೊಂಡು ಬಸ್ಸಲ್ಲಿ ನೇತಾಡ್ಕೊಂಡು ಹೋಗ್ತೀಯಾ? ನಾನು ಕರ್ಕೊಂಡು ಹೋಗ್ತೀನಿ. ಎಂಟಕ್ಕೆ ಹೊರಟ್ರೆ ಒಂಬತ್ತೂ ಕಾಲಿಗೆ ಅಲ್ಲಿರ್ತೀವಿ. ಒಂಬತ್ತೂವರೆಗೆ ತಾನೆ ಪ್ರಾರ್ಥನೆ?"

"ಒಂದೇ ಒಂದು ದಿನ ಬಾಕಿ ಇದೆ ಕಣ್ರೀ. ಅದನ್ನ ಹಾಳು ಮಾಡ್ಬೇಡಿ," ಎಂದಳು. ಒಪ್ಪಿದಳು ಅಂತಲೇ ಅರ್ಥ.

ಹಿಂದಿನ ದಿನ ಮಧ್ಯಾಹ್ನ ನಾನು ಕಾರಿನ ಮಹಾಸೇವೆಗೆ ಇಳಿದೆ. ಇದು ಸಾಮಾನ್ಯ ದಿನವಲ್ಲ, ಆದ್ದರಿಂದ ಪುಕ್ಕ ಸಾಲದು ಅನ್ನಿಸಿತು. ಶೀಶೆಯನ್ನೇ ಬಗ್ಗಿಸಿದೆ! ಬಾಗಿಲುಗಳ ಕೀಲಿಗೆ ಹಾಕಿದೆ, ಬೀಗದ ತೂತುಗಳಿಗೆ ಹಾಕಿದೆ, ಬಾಗಿಲು ಕಚ್ಚಿಕೊಳ್ಳುವ ಕೊಂಡಿಗಳಿಗೆ ಹಾಕಿದೆ, ಆಕ್ಸಿಲರೇಟರ್ ಕೇಬಲ್ಲಿಗೆ ಹೊಟ್ಟೆ ತುಂಬುವಷ್ಟು ಕುಡಿಸಿದೆ. ಸಂಜೆ ಸುಮಿತ್ರ ಬಂದಾಗ ನಾಲ್ಕೂ ಬಾಗಿಲು ಒಂದು ಬೆರಳಿನಲ್ಲಿ ತೆಗೆದು ತೋರಿಸಿದೆ. ಸದ್ದಿಲ್ಲ! ಅವಳೂ ಮೆಚ್ಚಿದಳು. ಕಾರನ್ನು ತೆಂಗಿನ ಮರಗಳ ನೆರಳಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬೀಗ ಹಾಕಿ, ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಚಳಿ ಹಲ್ಲು ಕಡಿಸುತ್ತಿತ್ತು. ಸುಮಿತ್ರ ಮೈಸೂರು ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು, ಆರೂ ಮುಕ್ಕಾಲಿಗೇ ಸಿದ್ಧವಾಗಿದ್ದಳು. ಏಳಕ್ಕೆ ಬಸ್ಸು ಬಂತು. ಈ ಶಾಲೆಗೆ ಹೋಗತೊಡಗಿದ ಹದಿನೈದು ವರ್ಷದ ರೂಢಿ ನೋಡಿ, ಕೈ ತೋರಿಸದಿದ್ದರೂ ತಾನಾಗಿಯೇ ನಿಂತಿತು. ಕಂಡಕ್ಟರ್ ಬಾಗಿಲು ತೆಗೆದ. ಆ ಕ್ಷಣ ನನ್ನ ಬಾಯಿಗೆ ಯಾರಾದರೂ ಬೀಗ ಹಾಕಬಾರದಿತ್ತೆ!

"ರೈಟ್ ಹೇಳಪ್ಪಾ! ಮೇಡಂ ಇವತ್ತು ಕಾರಲ್ಲಿ ಬರ್ತಾರೆ!"

ಬಸ್ಸು ಹೋಯಿತು. ಸುಮಿತ್ರ ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ಇದ್ದಳು. ಒಂದು ಸಲ ಎಂಜಿನ್ ಬಿಸಿ ಮಾಡಿ ಇಡೋಣವೆಂದು ನಾನು ಕೀ ಹಿಡಿದು ಕಾರಿನ ಹತ್ತಿರ ಹೋದೆ. ಕೀ ಬೀಗದೊಳಗೆ ಅರ್ಧ ಹೋಗಿ ನಿಂತಿತು. ಒತ್ತಿದೆ. ಬೆಳ್ಳಗೆ ಏನೋ ಹೊರಬಂತು. ಬೆರಳಿನಿಂದ ಮುಟ್ಟಿದೆ, ಮೂಸಿದೆ. ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ!

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗುತ್ತದೆ ಎಂದು ನಮ್ಮ ಕಡೆ ಮೂರು ವರ್ಷದ ಕೂಸಿಗೂ ಗೊತ್ತು. ಸಂಕ್ರಾಂತಿಯ ಹೊತ್ತಿಗೆ ಪ್ರತಿ ಮನೆಯ ಜಗಲಿಯ ಮೇಲೂ ಒಂದು ಶೀಶೆ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ. ನಮ್ಮ ಶೀಶೆಯನ್ನು ದಿನಾ ಬಿಸಿಲಿಗೆ ಇಡುವವನು ನಾನೇ! ಆದರೆ ಶೀಶೆಯಲ್ಲಿ ಗಟ್ಟಿಯಾಗುವ ಎಣ್ಣೆ ಕಾರಿನೊಳಗೂ ಗಟ್ಟಿಯಾದೀತು ಎಂದು ಅರವತ್ತೆರಡು ವರ್ಷದ ನನಗೆ ಹೊಳೆಯಲಿಲ್ಲ. ಜನವರಿಯಲ್ಲಿ ನಾನು ಕಾರು ತೆಗೆಯುತ್ತಿದ್ದದ್ದೇ ಹತ್ತು ಗಂಟೆಯ ಬಿಸಿಲು ಏರಿದ ಮೇಲೆ. ಅದೂ ಅಪ್ಪನ ಲೆಕ್ಕದಂತೆ ಎರಡು ಪುಕ್ಕದಷ್ಟೇ ಎಣ್ಣೆ ಸವರಿ.

"ಏನಾಯ್ತ್ರೀ?" ಸುಮಿತ್ರ ಜಗಲಿಯಿಂದಲೇ ಕೇಳಿದಳು.

"ಏನಿಲ್ಲ, ಸ್ವಲ್ಪ ಬಿಸಿಲಿಗೆ ತಳ್ಳಿದ್ರೆ ಸರಿ ಹೋಗುತ್ತೆ."

ತಳ್ಳುವುದು ಹೇಗೆ? ಹ್ಯಾಂಡ್‌ಬ್ರೇಕ್ ಒಳಗಿದೆ. ಬಿಸಿಲು ಮರಗಳ ಆಚೆಗಿದೆ. ಮುಂದಿನ ಬಸ್ಸು ಒಂಬತ್ತಕ್ಕೆ. ನಾನು ಕಾರಿನ ಸುತ್ತ ಓಡಾಡುತ್ತಿದ್ದದ್ದನ್ನು ಕಂಡು ಪಕ್ಕದ ತೋಟದ ಗಂಗಣ್ಣ ಬಂದ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು.

"ಏನ್ಲಾ ರಾಜಣ್ಣ, ಪ್ರದಕ್ಷಿಣೆ ಹಾಕ್ತಿದೀಯ?"

ಸಂಗತಿ ಕೇಳಿ ಅವನು ಸೊಂಟ ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರವಾಗಿ, "ಬುಡು, ಎರಡು ಒಣಗರಿ ಹಚ್ಚಿ ಬಾಗ್ಲಿಗೆ ಕಾವು ತೋರ್ಸಾನ," ಎಂದ. ನಾನು ಗರಿ ತರಲು ಹೊರಟೇಬಿಟ್ಟಿದ್ದೆ!

"ರೀ! ಅದ್ರಲ್ಲಿ ಪೆಟ್ರೋಲ್ ಇದೆ ಕಣ್ರೀ!" ಎಂದು ಸುಮಿತ್ರ ಕೂಗಿದ್ದರಿಂದ ಈ ಬರಹ ಬರೆಯಲು ನಾನು ಉಳಿದಿದ್ದೇನೆ.

ಕೊನೆಗೆ ಬಚ್ಚಲ ಹಂಡೆಯ ಬಿಸಿನೀರೇ ಗತಿಯಾಯಿತು. ಆರು ಕೊಡ ಸುರಿದೆವು. ಡ್ರೈವರ್ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಎಡಗಡೆಯದು ಒಲ್ಲದ ಮನಸ್ಸಿನಿಂದ ತೆರೆದುಕೊಂಡಿತು. ನಾನು ಅದರಿಂದ ತೂರಿ, ಗೇರಿನ ಮೇಲೆ ಹೊಟ್ಟೆ ಎಳೆದುಕೊಂಡು, ನನ್ನ ಜಾಗ ಸೇರಿದೆ. ಸುಮಿತ್ರ ಹತ್ತಿ ಕೂತು ಬಾಗಿಲು ಹಾಕಿಕೊಂಡಳು. ಅದು ಮತ್ತೆ ತೆರೆದುಕೊಂಡಿತು. ಕೊಂಡಿಯಲ್ಲೂ ಎಣ್ಣೆ ಗಟ್ಟಿ! ಇಷ್ಟು ಹೊತ್ತು ತೆರೆಯಲೊಲ್ಲದ ಬಾಗಿಲು ಈಗ ಮುಚ್ಚಲೊಲ್ಲದು.

"ಅದ್ಕ್ಯಾಕ್ ಯೋಚ್ನೆ?" ಎಂದು ಗಂಗಣ್ಣ ನಾರಿನ ಹಗ್ಗ ತಂದು, ಕಿಟಕಿಯಿಂದ ಕೈ ತೂರಿಸಿ, ಬಾಗಿಲಿನ ಹಿಡಿಯನ್ನು ಸೀಟಿಗೆ ಸೇರಿಸಿ, ತುಂಟ ಎತ್ತಿಗೆ ಹಾಕುವ ಗಂಟು ಹಾಕಿದ. "ಆನೆ ಎಳುದ್ರೂ ಬಿಚ್ಚಾಕಿಲ್ಲ, ಹೋಗಿ ಬನ್ನಿ!"

ಎಂಟೂ ಹತ್ತಕ್ಕೆ ಸ್ಟಾರ್ಟ್ ಮಾಡಿದೆ. ಆಕ್ಸಿಲರೇಟರ್ ತುಳಿದೆ. ಎಂಜಿನ್ ಗರ್ಜಿಸಿತು. ಕಾಲು ತೆಗೆದೆ. ಗರ್ಜನೆ ನಿಲ್ಲಲಿಲ್ಲ. ಪೆಡಲ್ ಹೋದಲ್ಲೇ ಕೂತಿದೆ! ಗಂಗಣ್ಣನ ಎಮ್ಮೆ ಗೂಟ ಕಿತ್ತುಕೊಂಡು ತೋಟದೊಳಗೆ ಓಡಿತು, ಹಿಂದೆ ಗಂಗಣ್ಣ ಓಡಿದ. ಸುಮಿತ್ರ ತನ್ನ ಕೊಡೆಯನ್ನು ತಿರುಗಿಸಿ, ಅದರ ಕೊಕ್ಕೆಯಿಂದ ಪೆಡಲನ್ನು ಮೇಲಕ್ಕೆ ಎಳೆದಳು. ಕಾರು ಸುಮ್ಮನಾಯಿತು.

ಹೀಗೆ ಹೊರಟೆವು. ತುಳಿಯುವ ಕೆಲಸ ನನ್ನದು, ಎಳೆಯುವ ಕೆಲಸ ಅವಳದು. ಪ್ರತಿ ಹಳ್ಳಿಯ ರಸ್ತೆ ಉಬ್ಬಿನ ಮುಂದೆ ನಾನು "ಎಳಿ!" ಎನ್ನುತ್ತಿದ್ದೆ, ಅವಳು ರೇಷ್ಮೆ ಸೀರೆಯಲ್ಲಿ ಬಗ್ಗಿ ಎಳೆಯುತ್ತಿದ್ದಳು. ಹಾಲ್ಕುರಿಕೆ ದಾಟುವಾಗ ಅವಳ ಮಲ್ಲಿಗೆ ಅರ್ಧ ನನ್ನ ಗೇರಿನ ಮೇಲಿತ್ತು. ಆಮೇಲೆ ತೋಟಗಳು ತೆಳುವಾಗಿ ಹೊಲಗಳು ಬಂದವು, ನನ್ನ ಬದಿಯ ಕಿಟಕಿಯಿಂದ ಬೆಚ್ಚಗೆ ಬಿಸಿಲು ಬಿತ್ತು. ಕ್ರಮೇಣ ಪೆಡಲ್ ತಾನಾಗಿಯೇ ಮೇಲೇಳತೊಡಗಿತು. ನನಗೂ ಜೀವ ಬಂತು. ಒಂಬತ್ತೂ ಇಪ್ಪತ್ತಾರಕ್ಕೆ ಕಾರು ಶಾಲೆಯ ಗೇಟಿನ ಮುಂದೆ ನಿಂತಿತು.

"ನೋಡ್ದ್ಯಾ? ಇನ್ನೂ ನಾಲ್ಕು ನಿಮಿಷ ಇದೆ!"

ಅವಳ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗು ಕಂಡಿತು. ಇಳಿಯಲು ಹಗ್ಗಕ್ಕೆ ಕೈ ಹಾಕಿದಳು. ಗಂಗಣ್ಣನ ಗಂಟು!

ಅವಳು ಉಗುರಿನಿಂದ ಕಿತ್ತಳು. ನಾನು ಹಲ್ಲಿನಿಂದ ಕಚ್ಚಿದೆ. ನನ್ನ ಕೈಯ ಎಣ್ಣೆಗೆ ಹಗ್ಗ ಜಾರುತ್ತಿತ್ತು. ಒಳಗೆ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದದ್ದು ಕಾಣುತ್ತಿತ್ತು. ಗಂಟೆ ಹೊಡೆಯಿತು. ಪ್ರಾರ್ಥನೆ ಶುರುವಾಯಿತು. ಸುಮಿತ್ರಳ ಕೈ ಹಗ್ಗದ ಮೇಲೆಯೇ ನಿಂತುಹೋಯಿತು. ಮೂವತ್ತೆರಡು ವರ್ಷ ಅಲ್ಲಿಗೆ ಮುಗಿಯಿತು. ನಾನು ನನ್ನ ಮೇಲಿನ ಸಿಟ್ಟಿಗೆ ನನ್ನ ಬದಿಯ ಬಾಗಿಲನ್ನೊಮ್ಮೆ ಗುದ್ದಿ ಹಿಡಿ ಎಳೆದೆ.

ಅದು ಸದ್ದಿಲ್ಲದೆ ತೆರೆದುಕೊಂಡಿತು! ದಾರಿಯುದ್ದಕ್ಕೂ ಬಿಸಿಲು ಕಾದು ಅದರ ಎಣ್ಣೆ ಎಂದೋ ಕರಗಿತ್ತು. ನಾನು ಒಂದು ಸಲವಾದರೂ ಮುಟ್ಟಿ ನೋಡಬೇಕಿತ್ತು, ಅಷ್ಟೆ.

ಸುಮಿತ್ರ ಗೇರಿನ ಮೇಲಿಂದ ನನ್ನ ಕಡೆಗೆ ದಾಟಿ ಇಳಿದಳು. ಸೀರೆ ಸರಿಮಾಡಿಕೊಂಡಳು. ಗೇಟು ತೆರೆದೇ ಇತ್ತು, ಮೇಷ್ಟರೊಬ್ಬರು ಒಳಗಿನಿಂದ "ಬನ್ನಿ ಮೇಡಂ, ಬನ್ನಿ" ಎಂದು ಸನ್ನೆ ಮಾಡುತ್ತಿದ್ದರು. ಅವಳು ಹೋಗಲಿಲ್ಲ. ನೆಟ್ಟಗೆ ಹೊಂಗೆ ಮರದ ಕೆಳಗೆ ಹೋಗಿ ನಿಂತಳು. ಅಲ್ಲಿ ಆಗಲೇ ಇಬ್ಬರು ಹುಡುಗಿಯರು ತಡವಾಗಿ ಬಂದು ನಿಂತಿದ್ದರು. ಮೇಡಂ ಪಕ್ಕಕ್ಕೆ ಬಂದು ನಿಂತದ್ದನ್ನು ಕಂಡು ಅವರು ಅಳುವುದೋ ನಗುವುದೋ ತಿಳಿಯದೆ ಕಣ್ಣು ಬಿಟ್ಟರು.

"ನೀವೂ ಬನ್ನಿ," ಎಂದು ನನ್ನನ್ನು ಕರೆದಳು. ನಾನೂ ಹೋಗಿ ಸಾಲಿನ ಕೊನೆಗೆ ನಿಂತೆ.

ಒಳಗಿಂದ ಪ್ರಾರ್ಥನೆ ಕೇಳಿಬರುತ್ತಿತ್ತು. ನಾನು ಮೆಲ್ಲಗೆ, "ತಪ್ಪಾಯ್ತು ಕಣೇ," ಎಂದೆ.

"ಶ್! ಸುಮ್ನಿರಿ," ಎಂದಳು. ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷ ಮುಂದೆ ನಿಂತ್ಕೊಂಡು, ಯಾರು ಬಾಯಿ ಆಡಿಸ್ತಿಲ್ಲ ಅಂತ ಹುಡುಕೋದೇ ಆಯ್ತು. ಎಷ್ಟು ಚೆನ್ನಾಗಿ ಹಾಡ್ತಾವೆ ನೋಡ್ರೀ ನಮ್ಮ ಮಕ್ಕಳು. ನಾನು ಇವತ್ತೇ ಕೇಳಿದ್ದು."

ಬೀಳ್ಕೊಡುಗೆ ಸಮಾರಂಭದಲ್ಲಿ ಎಲ್ಲರೂ ಅವಳ ಸಮಯಪಾಲನೆಯನ್ನೇ ಹೊಗಳಿದರು. ಅವಳು ಮೈಕು ಹಿಡಿದು, "ಇವತ್ತು ತಡವಾಗಿ ಬಂದೆ. ಕಾರಣ ಎರಡನೇ ಸಾಲಿನಲ್ಲಿ ಕೂತಿದ್ದಾರೆ," ಎಂದಳು. ಇಡೀ ಊರು ನನ್ನ ಕಡೆ ತಿರುಗಿತು! ಕೊನೆಗೆ ಶಾಲು, ಹಾರದ ಜೊತೆಗೆ ಊರಿನವರು ಪ್ರೀತಿಯಿಂದ ದಂಪತಿಗಳಿಗೆ ಒಂದು ಕಾಣಿಕೆ ಕೊಟ್ಟರು. ಐದು ಲೀಟರಿನ ಕ್ಯಾನು. ಗಾಣದಲ್ಲಿ ತೆಗೆಸಿದ ಶುದ್ಧ ಕೊಬ್ಬರಿ ಎಣ್ಣೆ!

ವಾಪಸು ಬರುವಾಗ ಮಧ್ಯಾಹ್ನದ ಬಿಸಿಲಿಗೆ ಕಾರು ಹೊಸದರಂತೆ ಓಡಿತು. ಸುಮಿತ್ರ ಕ್ಯಾನನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದಳು.

"ಮಾವನವರು ಪುಕ್ಕದಲ್ಲಿ ಹಚ್ಚಿದ್ರು ಕಣ್ರೀ," ಎಂದಳು. "ನೀವು ಶೀಶೇನೇ ಬಗ್ಗಿಸಿದ್ರಿ."

ನಾನು ಗೇರು ಬದಲಿಸಿದೆ.

ಮಾರನೆಯ ದಿನ ಸಾದಿಕ್ ಬಂದು ಎಲ್ಲವನ್ನೂ ತೊಳೆದು ಗ್ರೀಸ್ ಹಾಕಿದ. ಕೆಲಸ ಮುಗಿಯುವವರೆಗೂ ನಗುತ್ತಲೇ ಇದ್ದ. ಪುಕ್ಕದ ಶೀಶೆ ಈಗ ಸುಮಿತ್ರಳ ವಶದಲ್ಲಿದೆ. ಬೆಳಿಗ್ಗೆ ಬಸ್ಸಿನ ಗಡಿಬಿಡಿ ಇಲ್ಲವಲ್ಲ, ಏಳೂವರೆಗೆ ಅದನ್ನು ತಂದು ಬಿಸಿಲಿಗೆ ಇಡುತ್ತಾಳೆ. ಪಕ್ಕದಲ್ಲಿ ಒಂದು ಕುರ್ಚಿಯನ್ನೂ ಹಾಕುತ್ತಾಳೆ.

"ನೀವೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ತಲೆಯೊಳಗಿರೋದೂ ಕರಗಲಿ."

ಕೂತಿದ್ದೇನೆ. ಎಂಟೂವರೆಯಾಯಿತು. ಎಣ್ಣೆ ಕರಗಿದೆ. ಕಾರೂ ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ನನ್ನ ತಲೆ ಮಾತ್ರ ಇನ್ನೂ ಸ್ವಲ್ಪ ಬಿಸಿಲು ಕೇಳುತ್ತಿದೆ!