ಮುಳುಗದೆ ತಳದಲ್ಲಿ ಕುಳಿತ ಜಲಾಂತರ್ಗಾಮಿಯ ಕುರಿತು

ಜಲವಿಹಾರ ಪ್ರಾಧಿಕಾರದ ಮಾನ್ಯ ಅಧ್ಯಕ್ಷರೇ,

ಮೈಸೂರಿನ ಹಿನಕಲ್ ಆಚೆ ತಾವು ತೋಡಿಸಿದ ಕೊಳದ ತಳವನ್ನು ಮೂರು ಗಂಟೆ ಕಾಲ ಕಣ್ಣಾರೆ ಕಂಡು ಬಂದ ಹನ್ನೊಂದು ಪ್ರಯಾಣಿಕರ ಸಾಷ್ಟಾಂಗ ನಮಸ್ಕಾರಗಳು. ತಾವು ಕೊಟ್ಟ ಮಾತು: ಹದಿನೈದು ನಿಮಿಷದ ವಿಹಾರ, ಗಾಜಿನಾಚೆ ಮೀನು, ಸಂಪೂರ್ಣ ಸುರಕ್ಷತೆ. ತಾವು ಅಲ್ಲಗಳೆದದ್ದು: ಜಲಾಂತರ್ಗಾಮಿ ಮುಳುಗಿತೆಂಬುದು (‘ಕುಳಿತಿದೆ’ ಅಂದಿರಿ), ಒಳಗೆ ಜನರಿದ್ದರೆಂಬುದು, ಇದ್ದ ಜನರಿಗೆ ಗಾಳಿ ಸಾಲದಾಯಿತೆಂಬುದು. ಮೀನು ಮಾತ್ರ ನಿಜಕ್ಕೂ ಇತ್ತು. ಒಂದೇ ಇತ್ತು. ಮೂರು ಗಂಟೆಯೂ ನಮ್ಮನ್ನೇ ನೋಡುತ್ತಿತ್ತು.

ಸಮುದ್ರವಿರುವ ದೊಡ್ಡ ಸರ್ಕಾರಗಳು ಇಂಥ ಹೊತ್ತಿನಲ್ಲಿ ಏನು ಮಾಡುತ್ತವೆಂದು ಪತ್ರಿಕೆಗಳಲ್ಲಿ ಓದಿದ್ದೇವೆ. ಮೊದಲು ಏನೂ ಆಗಿಲ್ಲ ಅನ್ನುತ್ತವೆ, ಆಮೇಲೆ ಸಣ್ಣ ತಾಂತ್ರಿಕ ದೋಷ ಅನ್ನುತ್ತವೆ, ನೆರವಿಗೆ ಬಂದವರನ್ನು ದೂರದಲ್ಲೇ ತಡೆಯುತ್ತವೆ, ವರದಿಗೆ ಬೀಗ ಹಾಕಿ, ಕೊನೆಗೆ ಎದುರು ಮಾತಾಡಲಾಗದವನ ತಲೆಗೆ ತಪ್ಪು ಕಟ್ಟುತ್ತವೆ. ಅವಕ್ಕೆ ಇದಕ್ಕೆಲ್ಲ ವರ್ಷಗಳೇ ಬೇಕು. ಹದಿನಾಲ್ಕು ಅಡಿ ನೀರಿನಲ್ಲಿ ತಾವು ಇಷ್ಟನ್ನೂ ಒಂದೇ ವಾರದಲ್ಲಿ ಮುಗಿಸಿದಿರಿ. ಆದರೆ ಅಲ್ಲಿ ಸತ್ತವರು ಮಾತಾಡುವುದಿಲ್ಲ, ಇಲ್ಲಿ ನಾವು ಬದುಕಿಬಿಟ್ಟೆವು. ಅದರಿಂದ ತಮಗಾದ ತೊಂದರೆಗೆ ಕ್ಷಮೆಯಿರಲಿ.

ಆಯುಧಪೂಜೆಯ ದಿನ ತಾವು ಜಲಾಂತರ್ಗಾಮಿಗೂ ಬಾಳೆಕಂದು ಕಟ್ಟಿಸಿ, ಕುಂಬಳಕಾಯಿ ಒಡೆಸಿ, ಅರವತ್ತು ಮೊಳದ ಸೇವಂತಿಗೆ ಹಾರವನ್ನು ಮೂರು ಸುತ್ತು ಹಾಕಿಸಿದಿರಿ. ಹಾರ ಬಿಚ್ಚಿ ನೀರಿಗಿಳಿಸೋಣ ಎಂದು ಚಾಲಕ ಮಹೇಂದ್ರ ಎರಡು ಸಲ ಬೇಡಿಕೊಂಡ. ಪೂಜೆಯ ಹಾರವನ್ನು ವಿಜಯದಶಮಿಗೆ ಮುಂಚೆ ತೆಗೆದರೆ ಅಪಶಕುನವೆಂದು ತಾವೇ ಅಪ್ಪಣೆ ಕೊಟ್ಟಿರಿ. ಶಕುನ ಚೆನ್ನಾಗಿಯೇ ಇತ್ತು. ಹಾರ ಹೋಗಿ ಹಿಂದಿನ ಫ್ಯಾನಿಗೆ ಸುತ್ತಿಕೊಂಡಿತು, ನಾವು ಮೆಲ್ಲಗೆ ಕೆಸರಿಗಿಳಿದೆವು.

ಒಳಗೆ ಮಹೇಂದ್ರ ತನ್ನ ಪಾಲಿನ ಆಮ್ಲಜನಕದ ಮುಖವಾಡವನ್ನು, ಏದುಸಿರು ಬಿಡುತ್ತಿದ್ದ ದೇವರಾಜ ಮೊಹಲ್ಲಾದ ಹೂವಿನ ಶಿವನಂಜಮ್ಮನವರಿಗೆ ಹಿಡಿದು ಕೂತಿದ್ದ. ದಡದಲ್ಲಿ, ಹರಿಗೋಲು ಹೊತ್ತು ಓಡಿ ಬಂದ ಮೀನುಗಾರ ಜವರಪ್ಪನವರಿಗೆ ತಮ್ಮ ಅಧಿಕಾರಿಗಳು, ಇದು ಭದ್ರತೆಯ ವಿಷಯ, ಅನುಮತಿ ಪತ್ರ ತನ್ನಿ ಎಂದರಂತೆ. ಅವರು ಪತ್ರಕ್ಕೆ ಹೋಗದೆ ನೀರಿಗೆ ಹಾರಿ, ಕುಡುಗೋಲಿನಿಂದ ಹಾರ ಕೊಯ್ದರು. ಮಹೇಂದ್ರ ನಮ್ಮನ್ನು ಮೇಲೆ ತಂದ. ತಾವು ಜವರಪ್ಪನವರಿಗೆ ಅಕ್ರಮ ಈಜಿನ ನೋಟಿಸು ಕೊಟ್ಟು, ಅವರನ್ನು ತಡೆದ ಅಧಿಕಾರಿಗಳಿಗೆ ಮೈಸೂರು ಪೇಟ ತೊಡಿಸಿದಿರಿ.

ಆಮೇಲೆ ತಮ್ಮ ತನಿಖಾ ಸಮಿತಿ. ಫ್ಯಾನಿಗೆ ಸಿಕ್ಕಿದ್ದು ಕೊಳದ ಕಳೆ ಎಂದು ಅವರು ಓದುತ್ತಿದ್ದಾಗ ಶಿವನಂಜಮ್ಮ ಎದ್ದು ನಿಂತು ಹೇಳಿದ ಮಾತನ್ನು ತಮಗೆ ತಲುಪಿಸಿದ್ದಾರೋ ಇಲ್ಲವೋ: “ಕಳೆ ಅಲ್ಲ ಕಣ್ರೀ ಸ್ವಾಮಿ. ನಾನೇ ಕಟ್ಟಿದ್ ಹಾರ. ನನ್ ಗಂಟು ನಂಗೆ ಗೊತ್ತಾಗಲ್ವಾ? ಡ್ರೈವರಪ್ಪ ಬಿಚ್ಬುಡಿ ಬಿಚ್ಬುಡಿ ಅಂತ ಬಡ್ಕೊಂಡಿದ್ದನ್ನೂ ಈ ಕಿವೀಲೇ ಕೇಳಿವ್ನಿ.” ಸಾಕ್ಷಿಗೆ ಸಸ್ಯಶಾಸ್ತ್ರದ ಪದವಿ ಇಲ್ಲವೆಂದು ಸಮಿತಿ ಬರೆದುಕೊಂಡಿತು. ವರದಿ ಈಗ ಗೋಪ್ಯ. ಅದರ ಒಂದೇ ಸಾಲು ಹೊರಬಿದ್ದಿದೆ, ಮಹೇಂದ್ರನ ಅಮಾನತು ಆದೇಶದಲ್ಲಿ: ‘ಕಳೆಯನ್ನು ಗಮನಿಸದ ಚಾಲಕನ ನಿರ್ಲಕ್ಷ್ಯ’. ಸೋಮವಾರ ಅವನ ಕೊನೆಯ ವಿಚಾರಣೆ, ಅಂದು ಅವನ ಕೆಲಸ ಹೋಗುತ್ತದೆ ಅಥವಾ ಉಳಿಯುತ್ತದೆ.

ಆದ್ದರಿಂದ ವಿನಂತಿ. ಆ ವಿಚಾರಣೆಯನ್ನು ಜಲಾಂತರ್ಗಾಮಿಯಲ್ಲೇ, ಅಷ್ಟೇ ಮೊಳದ ಹಾರ ಹಾಕಿ, ತಳದಲ್ಲಿ ನಡೆಸಿಕೊಡಬೇಕು. ಹದಿನಾಲ್ಕು ಅಡಿ ತಮ್ಮ ಪ್ರತಿಭೆಗೆ ಸಾಲದೆಂದಾದರೆ ಅರಬ್ಬಿ ಸಮುದ್ರವನ್ನು ಬನ್ನಿಮಂಟಪದವರೆಗೆ ತರಿಸಿಕೊಳ್ಳಬಹುದು. ಇವೆರಡೂ ಕಷ್ಟವಾದರೆ ಸುಲಭದ್ದು ಒಂದಿದೆ: ವರದಿಯನ್ನು ಜನರ ಮುಂದಿಡಿ, ಅಪ್ಪಣೆ ಕೊಟ್ಟವರ ಹೆಸರು ಬರೆಯಿರಿ, ಮಹೇಂದ್ರನನ್ನು ಕೆಲಸಕ್ಕೆ ಕರೆಯಿರಿ. ಇಲ್ಲದಿದ್ದರೆ ಸೋಮವಾರ ಹನ್ನೊಂದು ಜನವೂ ಸಾಕ್ಷಿ ಹೇಳುತ್ತೇವೆ, ಕರೆಯದಿದ್ದರೂ ಬರುತ್ತೇವೆ.

ಉಸಿರಿರುವ ತನಕ, ಸದ್ಯಕ್ಕೆ ಧಾರಾಳವಾಗಿಯೇ ಇದೆ, ತಮ್ಮ ವಿಶ್ವಾಸಿ,
ತೇಜಸ್ವಿನಿ
ಸಂಚಾಲಕಿ, ತಳ ಕಂಡವರ ಹೋರಾಟ ಸಮಿತಿ

ತಾ.ಕ.: ಸಾಕ್ಷಿಪತ್ರಗಳಿಗೆ ಸಹಿ ಹಾಕುವ ನಮ್ಮ ಮುಂದಿನ ಸಭೆ ಬನ್ನಿಮಂಟಪದ ಸಮುದಾಯ ಭವನದಲ್ಲಿ. ತಮಗೂ ಒಂದು ಕುರ್ಚಿ ಹಾಕಿಸಿದ್ದೇವೆ. ಹೆದರದೆ ಬನ್ನಿ, ಅಲ್ಲಿಯ ಬಾಗಿಲು ಒಳಗಿನಿಂದಲೂ ತೆರೆಯುತ್ತದೆ. ಭಾನುವಾರ, ಬೆಳಿಗ್ಗೆ ಹತ್ತೂವರೆ.