ಊರಿಲ್ಲದ ಯಂತ್ರವೂ ನನ್ನ ಎದೆನೋವೂ

ನನಗೊಂದು ಚಟವಿದೆ. ಎದುರಿಗಿರುವವರ ಊರು ಯಾವುದೆಂದು ತಿಳಿಯದೆ ಅವರನ್ನು ನಂಬುವುದು ನನ್ನಿಂದಾಗದು. ಕಾರ್ಕಳ ಬಿಟ್ಟು ಬಂದು ಮೂವತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದೇನೆ, ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸುತ್ತೇನೆ. ಆದರೂ ನನಗೆ ಕನ್ನಡಕ ಮಾಡಿಕೊಡುವವರು ಹೆಬ್ರಿಯವರು, ವಿಮೆಯ ಏಜೆಂಟರು ಬೈಂದೂರಿನವರು, ನಲ್ಲಿ ರಿಪೇರಿಗೆ ಬರುವವರು ಮೂಡುಬಿದಿರೆ ಕಡೆಯವರು. ನಲ್ಲಿ ಈಗಲೂ ಸೋರುತ್ತದೆ. ನಮ್ಮವರೇ ರಿಪೇರಿ ಮಾಡಿದ್ದು ಎಂಬ ಸಮಾಧಾನವಂತೂ ಇದೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಕುಳಿತಿದ್ದಾಗ ಎದೆ ಹಿಂಡಿದಂತಾಗಿ ಮೈಯೆಲ್ಲ ಬೆವರಿತು. ಹೆಂಡತಿ ಸುಮತಿ ನನ್ನನ್ನು ಪಕ್ಕದ ಗಲ್ಲಿಯ ದವಾಖಾನೆಗೆ ಎಳೆದುಕೊಂಡು ಹೋದಳು. ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ ಎದೆಗೆ ವಯರುಗಳನ್ನು ಅಂಟಿಸಿ ಇಸಿಜಿ ತೆಗೆದರು. ಗೆರೆಗಳನ್ನು ಮೊದಲು ಓದಿದ್ದು ಮಾತ್ರ ಅವರಲ್ಲ, ಕೃತಕ ಬುದ್ಧಿಮತ್ತೆಯ ಒಂದು ಯಂತ್ರ. ನಾನು ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಅದರ ತೀರ್ಪು ಬಂದಿತ್ತು: ಹೃದಯಾಘಾತ. ಡಾಕ್ಟರಮ್ಮ ತಾವೂ ಗೆರೆ ನೋಡಿ ಹೌದೆಂದರು. ಮಾತ್ರೆ ಅಗಿಯಲು ಕೊಟ್ಟು, ಕಲ್ಯಾಣದ ಆಸ್ಪತ್ರೆಗೆ ಫೋನ್ ಮಾಡಿ, “ಕಾಕಾ, ಆತ್ತಾಚ್ ನಿಘಾ” ಎಂದು ಮರಾಠಿಯಲ್ಲಿ ಅವಸರಿಸುತ್ತ ಈಗಲೇ ಹೊರಡಿಸಲು ನಿಂತರು.

ಎಂಥ ಸೊಕ್ಕು ನೋಡಿ! ಐವತ್ತೆಂಟು ವರ್ಷ ನನ್ನೊಳಗೇ ಇದ್ದ ಹೃದಯದ ಬಗ್ಗೆ ಅರೆಗಳಿಗೆಯಲ್ಲಿ ಅಭಿಪ್ರಾಯ ಕೊಡಲು ಈ ಡಬ್ಬ ಯಾರು? ಅದರ ಊರು ಯಾವುದು? ಅದಕ್ಕೆ ನಮ್ಮ ಮನೆತನ ಗೊತ್ತೇ? ಕಾಮೋಠೆಯಲ್ಲಿರುವ ನಮ್ಮ ಕಾರ್ಕಳದ ಡಾಕ್ಟರಿಗೇ ತೋರಿಸುತ್ತೇನೆಂದು ನಾನು ಪಟ್ಟು ಹಿಡಿದೆ. ಅವರು ಮೂಳೆ ಡಾಕ್ಟರು, ನಿಜ. ಎದೆಯಲ್ಲೂ ಮೂಳೆಗಳಿವೆಯಲ್ಲ! ಅಲ್ಲಿಗೆ ತಲುಪುವಷ್ಟು ಹೊತ್ತು ನಿಮಗಿಲ್ಲ ಎಂದು ಡಾಕ್ಟರಮ್ಮ ಗದರಿದರು. ನಾನು ಜಗ್ಗಲಿಲ್ಲ.

ಸುಮತಿ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. “ಕಲ್ಯಾಣದ ಹಾರ್ಟಿನ ಡಾಕ್ಟ್ರೂ ಕಾರ್ಕಳದವರೇ ಮಾರಾಯ್ರೆ. ನಮ್ಮ ದೊಡ್ಡಮ್ಮನ ಕಡೆಯಿಂದ ದೂರದ ಸಂಬಂಧ. ನಿಮಗೆ ಹೇಳ್ಲಿಕ್ಕೆ ಮರ್ತದ್ದು,” ಎಂದಳು. ಹಾಗೆಂದ ಮೇಲೆ ಇನ್ನೇನು? ಮದುಮಗನ ಗತ್ತಿನಲ್ಲಿ ಆಂಬುಲೆನ್ಸ್ ಹತ್ತಿದೆ.

ಮುಚ್ಚಿಹೋಗಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು ಮರುದಿನ ಹಾಸಿಗೆಯ ಬಳಿ ಬಂದರು. ಕಾರ್ಕಳದಲ್ಲಿ ಮನೆ ಎಲ್ಲಾಯಿತು ಎಂದು ತುಳುವಿನಲ್ಲಿ ಪ್ರೀತಿಯಿಂದ ವಿಚಾರಿಸಿದೆ. ನನಗೆ ಲಕ್ವ ಹೊಡೆದು ಮಾತು ತೊದಲುತ್ತಿದೆಯೆಂದು ಅವರು ಗಾಬರಿಯಾಗಿ ನನ್ನ ನಾಲಿಗೆ ಹೊರಚಾಚಿಸಿ, ಎರಡೂ ಕೈ ಎತ್ತಿಸಿ, “ಇನಕೀ ಬಾತ್ ಸಮಝ್ ಮೇ ನಹೀ ಆ ರಹೀ” ಎಂದು ನರ್ಸಿಗೆ ಹೇಳಿದರು. ಡಾಕ್ಟರು ನಾಗಪುರದವರು. ಕಾರ್ಕಳದ ಹೆಸರನ್ನೇ ಕೇಳಿದವರಲ್ಲ. ಹೋಗುವ ಮುನ್ನ, ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು.

“ಸುಳ್ಳು ಹೇಳಿದ್ದಾ?” ಎಂದು ಸುಮತಿಯನ್ನು ಕೇಳಿದೆ.

“ಮತ್ತೆಂತ ಮಾಡುದು? ಕಾಮೋಠೆಗೆ ಹೋಗಿದ್ರೆ ನಮ್ಮೂರಿನವರೆಲ್ಲ ಬರ್ತಿದ್ರು, ಹೆಗಲು ಕೊಡ್ಲಿಕ್ಕೆ,” ಎಂದವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಮದುವೆಗೆ ಮುಂಚೆ ಇವಳ ಊರು, ಮನೆತನ, ನಡತೆ ಎಲ್ಲವನ್ನೂ ನಾಲ್ಕು ಕಡೆ ವಿಚಾರಿಸಿಯೇ ಒಪ್ಪಿದ್ದೆ. ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆಂದು ಯಾರೂ ತಿಳಿಸಿರಲಿಲ್ಲ. ತಿಳಿಸಿದ್ದರೆ ಖಂಡಿತ ಬೇಡವೆನ್ನುತ್ತಿದ್ದೆ, ಇಷ್ಟು ಹೊತ್ತಿಗೆ ಸತ್ತೂ ಇರುತ್ತಿದ್ದೆ.