ಕಂಪ್ಯೂಟರಿನ ಹೊಟ್ಟೆಯೊಳಗಿನ ಕಂಪ್ಯೂಟರು

ಯಾವುದೇ ಹೊಸ ವಸ್ತುವಿನ ಮೇಲೆ ನನಗೆ ನಂಬಿಕೆ ಹುಟ್ಟುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ರೋಣದಲ್ಲಿ ಲಗ್ನಪತ್ರಿಕೆ ಮುದ್ರಿಸುವ ನಾನು ಇಂದಿಗೂ ಬಳಸುವುದು ಇಪ್ಪತ್ತು ವರ್ಷ ಹಿಂದಿನ ಅಕ್ಷರಜೋಡಣೆಯ ತಂತ್ರಾಂಶವನ್ನೇ. ಹೊಸ ಕಂಪ್ಯೂಟರು ಅದನ್ನು ಹತ್ತಿರ ಸೇರಿಸಲಿಲ್ಲ. ಆಗ ನರಗುಂದದಲ್ಲಿ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ನನ್ನ ತಂಗಿ ರೇಣುಕಾ, ಹೊಸದರೊಳಗೇ ಒಂದು ಹಳೆಯ ಕಂಪ್ಯೂಟರನ್ನು ಕೂರಿಸಿಕೊಟ್ಟಳು. ಪೆಟ್ಟಿಗೆ ಒಂದೇ, ಪರದೆಯ ಮೇಲೊಂದು ಕಿಟಕಿ ತೆರೆದರೆ ಅದರೊಳಗೆ ಹಳೆಯ ಯಂತ್ರ ಎದ್ದು ಕೂರುತ್ತದೆ. ವರ್ಚುವಲ್ ಮಷೀನ್ ಎನ್ನಬೇಕಂತೆ. ನಾನು ಮರ್ಯಾದೆಯಿಂದ ‘ಒಳಗಿನವರು’ ಎನ್ನುತ್ತೇನೆ.

ಈ ಒಳಗಿನವರು ಬರಬರುತ್ತ ಎಷ್ಟು ನಿಧಾನವಾದರೆಂದರೆ, ಒಂದು ಪತ್ರಿಕೆ ತೆರೆಯಲು ಹೇಳಿ ನಾನು ಚಹಾ ಕುಡಿದು ಬಂದರೂ ಇನ್ನೂ ಯೋಚಿಸುತ್ತಿರುತ್ತಿದ್ದರು. ನಾನು ಧೂಳು ಊದಿದೆ, ವೈರು ಬದಲಿಸಿದೆ, ಮೆಮೊರಿ ಹೆಚ್ಚಿಸಿದೆ. ಏನೂ ಫಲವಿಲ್ಲ.

ಹೀಗಿರುವಾಗ ಕಳೆದ ತಿಂಗಳು ಯಾವಗಲ್ಲಿನ ಶಾಂತವ್ವ ಬೆಳಗಿನ ಬಸ್ಸಿಗೇ ಬಂದಿಳಿದರು. ಕಿರಿಮಗಳು ಸುನೀತಾಳ ಮದುವೆ. ಹಿರಿಮಗಳ ಪತ್ರಿಕೆಯನ್ನೇ ತಿದ್ದಿ ನಾನು ಕಳಿಸಿದ್ದ ಕರಡಿನಲ್ಲಿ ವಧುವಿನ ಜಾಗದಲ್ಲಿ ಹಿರಿಮಗಳು ಸವಿತಾಳೇ ಉಳಿದುಬಿಟ್ಟಿದ್ದಳು. ಸಂಜೆ ಬೀಗರ ಕೈಗೆ ಪತ್ರಿಕೆ ಸೇರಬೇಕಿತ್ತು.

“ಹಿರೇ ಅಳಿಯಗ ನಾ ಹ್ಯಾಂಗ ಮಾರಿ ತೋರಿಸ್ಲಿರಿ?” ಎಂದರು ಶಾಂತವ್ವ.

ನಾನು ತಿದ್ದಲು ಕೂತೆ. ಒಳಗಿನವರು ಅಲುಗಾಡಲಿಲ್ಲ. ಬೆವರುತ್ತ ರೇಣುಕಾಳಿಗೆ ಫೋನು ಮಾಡಿದೆ. ಹೊರಗಿನ ಕಂಪ್ಯೂಟರು ಚುರುಕಾಗಿದೆಯೇ ಎಂದು ಕೇಳಿದಳು. ಇದೆ ಎಂದೆ. ಹಾಗಾದರೆ ಡಿಸ್ಕು ಕೆಟ್ಟಿಲ್ಲ, ಒಳಗಿನವರ ಫೋಲ್ಡರಿನ ಚಿತ್ರ ಕಳಿಸು ಎಂದಳು. ಕಳಿಸಿದೆ. ನೋಡಿದವಳೇ ಕೇಳಿದಳು:

“ಅಣ್ಣಾ, ಈ ನಲವತ್ತೊಂದು ಸ್ನ್ಯಾಪ್‌ಶಾಟ್ ಯಾರ್ ತಗದಾರ?”

ತೆಗೆದವನು ನಾನೇ. ದೊಡ್ಡ ಬದಲಾವಣೆಗೆ ಮೊದಲು ಯಂತ್ರದ ಸ್ಥಿತಿಯನ್ನು ಹಾಗೇ ಹಿಡಿದಿಡು, ಕೆಟ್ಟರೆ ಹಿಂದಕ್ಕೆ ಹೋಗಬಹುದು ಎಂದು ಅವಳೇ ಕಲಿಸಿದ್ದಳು. ನಾನು ಪ್ರತಿ ಸೋಮವಾರ ಊದುಬತ್ತಿ ಹಚ್ಚಿ, ಒಂದೊಂದು ಹಿಡಿದಿಟ್ಟಿದ್ದೆ. ಒಂದೊಂದಕ್ಕೂ ಒಂದು ಬೇರೆ ಕಡತ ಹುಟ್ಟಿ, ಈಗ ಒಂದಕ್ಷರ ಹುಡುಕಲು ಒಳಗಿನವರು ಅಷ್ಟೂ ಕಡತಗಳನ್ನು ತಡಕಬೇಕಂತೆ.

ಮೊದಲು ಎಲ್ಲದರದೂ ಒಂದು ನಕಲನ್ನು ಬೇರೆ ಡಿಸ್ಕಿನಲ್ಲಿಟ್ಟು, ಆಮೇಲೆ ಅವಳು ಹೇಳಿದಂತೆ ಒಂದೊಂದೇ ಸ್ನ್ಯಾಪ್‌ಶಾಟ್ ಅಳಿಸುತ್ತ ಬಂದೆ. ಅಳಿಸಿದಂತೆಲ್ಲ ಅದರಲ್ಲಿದ್ದದ್ದು ಮೂಲ ಡಿಸ್ಕಿನಲ್ಲಿ ಬೆರೆಯುತ್ತಿತ್ತು. ಶಾಂತವ್ವ ಕುರ್ಚಿ ಎಳೆದುಕೊಂಡು ಪರದೆಯ ಹಸಿರು ಪಟ್ಟಿಯನ್ನು ನನಗಿಂತ ಏಕಾಗ್ರತೆಯಿಂದ ನೋಡುತ್ತ, “ಮುಂದ ಹೊಂಟೈತ್ರಿ, ತಡೀಬ್ಯಾಡ್ರಿ” ಎಂದು ಧೈರ್ಯ ಹೇಳುತ್ತಿದ್ದರು. ಮಧ್ಯಾಹ್ನದ ಊಟ ಇಬ್ಬರಿಗೂ ನೆನಪಾಗಲಿಲ್ಲ.

ಕೊನೆಗೆ ಒಳಗಿನವರನ್ನು ಎಬ್ಬಿಸಿದೆ. ಬೆರಳು ಎತ್ತುವುದರೊಳಗೆ ಪತ್ರಿಕೆ ತೆರೆದು ನಿಂತಿತು. ಎಷ್ಟು ಸಂತೋಷವಾಯಿತೆಂದರೆ, ಸುಮ್ಮನೆ ಮುಚ್ಚಿ ಮತ್ತೆ ತೆರೆದೆ. ಮತ್ತೊಮ್ಮೆ ತೆರೆದೆ. ಶಾಂತವ್ವನೂ ತಾವೊಮ್ಮೆ ಒತ್ತಿ ನೋಡಿದರು. ನಾನು ಹೆಸರು ತಿದ್ದಿದ ಮೇಲೆ ಸು, ನೀ, ತಾ ಎಂದು ಅಕ್ಷರ ಅಕ್ಷರವಾಗಿ ಓದಿ ಒಪ್ಪಿದರು. ಮುದ್ರಿಸಿಕೊಟ್ಟ ಪತ್ರಿಕೆಗಳ ಕಟ್ಟು ಬಗಲಲ್ಲಿಟ್ಟುಕೊಂಡು ನಾಲ್ಕರ ಬಸ್ಸು ಹಿಡಿದರು.

ಆ ಉಬ್ಬಿನಲ್ಲಿ ಗುರುತಿನವರಿಗೆಲ್ಲ ಫೋನು ಮಾಡಿ ಒಳಗಿನವರ ವೇಗವನ್ನು ಹೊಗಳಿದೆ. ಗಜೇಂದ್ರಗಡದ ಕಾಗದದ ವ್ಯಾಪಾರಿಯನ್ನೂ ಬಿಡಲಿಲ್ಲ. ವಾರ ಕಳೆದ ಮೇಲೆ ಅವರೇ ಅಂಗಡಿಗೆ ಬಂದು, ಬಹಳ ಹಿಂದೆಯೇ ನನಗೆ ಒಪ್ಪಿಸಿದ್ದ ತಮ್ಮ ಮನೆಯ ಗೃಹಪ್ರವೇಶದ ಪತ್ರಿಕೆ ಇನ್ನೂ ಯಾಕೆ ಆಗಿಲ್ಲವೆಂದು ಕೇಳಿದರು. ರೂಢಿಯಂತೆ ನನ್ನ ಬಾಯಿ, ಕಂಪ್ಯೂಟರು ಭಾಳ ನಿಧಾನ ಎಂದುಬಿಟ್ಟಿತು.

“ಗಾಳಿಹಂಗ ಓಡತೈತಿ ಅಂತ ನೀವ ಹೇಳಿದ್ರೆಲ್ರಿ,” ಎಂದರು ಅವರು, ಶಾಂತವಾಗಿ.

ಇಷ್ಟು ದಿನ ನನ್ನ ಸೋಮಾರಿತನಕ್ಕೆ ಮರೆಯಾಗಿ ನಿಂತಿದ್ದ ಒಬ್ಬನೇ ಒಬ್ಬ ಆಪ್ತನನ್ನು ನಾನೇ ಕೈಯಾರೆ ರಿಪೇರಿ ಮಾಡಿಬಿಟ್ಟಿದ್ದೆ.